ಮನೆಬಾಗಿಲು ಬಲ್ಲವರು

ವಯನಾಡಿನಲ್ಲಿ ಮನೋರೋಗಕ್ಕೆ ತುತ್ತಾದವರಿಗೆ ಬಹುಕಾಲ ಇದ್ದ ದಾರಿ ಒಂದೇ: ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಇಳಿದು ಕಲ್ಲಿಕೋಟೆಯ ಕುದಿರವಟ್ಟಂ ಆಸ್ಪತ್ರೆಯನ್ನು ಸೇರುವುದು. 1872ರಲ್ಲಿ ಆರಂಭವಾದ ಆ ಆಸ್ಪತ್ರೆಯೇ ಮಲಬಾರಿನ ಬಡವರ ಪಾಲಿಗೆ ಆಸರೆಯಾಗಿತ್ತು. ರೋಗಿಯ ಒಂದು ದಿನದ ಕೂಲಿ, ಜೊತೆಗೆ ಹೋಗುವವರ ಕೂಲಿ, ಬಸ್ಸಿನ ಖರ್ಚು ಎಲ್ಲವೂ ಸೇರಿದಾಗ ಎರಡನೆಯ ಸಲವೋ ಮೂರನೆಯ ಸಲವೋ ಪ್ರಯಾಣ ನಿಂತುಹೋಗುತ್ತಿತ್ತು. ಮಾತ್ರೆ ಮುಗಿಯುತ್ತಿತ್ತು, ರೋಗ ಮರುಕಳಿಸುತ್ತಿತ್ತು. ಇದನ್ನು ಮನೆಯವರ ಅಲಕ್ಷ್ಯವೆಂದು ಬರೆದುಕೊಳ್ಳುವುದು ಸುಲಭ. ಆದರೆ ಅಲ್ಲಿ ನಿಜವಾಗಿ ಕೆಲಸ ಮಾಡಿದ್ದು ದೂರ ಮತ್ತು ಬಡತನ.

ಈ ದೂರವನ್ನು ಇಲ್ಲವಾಗಿಸುವ ಉಪಾಯದ ಆರಂಭದ ಪ್ರಯೋಗಗಳು ಕನ್ನಡ ನಾಡಿನಲ್ಲಿಯೂ ನಡೆದವು ಎಂಬುದು ಅನೇಕರಿಗೆ ತಿಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 1970ರ ದಶಕದಲ್ಲಿ ನಗರದ ಹೊರಗಿನ ಸಕಲವಾರ ಗ್ರಾಮದಲ್ಲಿ ಕೇಂದ್ರವೊಂದನ್ನು ತೆರೆದು, ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗದ ಪ್ರಾಥಮಿಕ ಚಿಕಿತ್ಸೆಯನ್ನು ಕಲಿಸಬಹುದೇ ಎಂದು ಪರೀಕ್ಷಿಸಿ ನೋಡಿದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1996ರಲ್ಲಿ ಕೇಂದ್ರ ಸರಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಅದಕ್ಕೆ ಮಾದರಿಯಾದದ್ದು ಬಳ್ಳಾರಿ. ಇಂದು ಕೇರಳದ 14 ಜಿಲ್ಲೆಗಳಲ್ಲಿಯೂ ಈ ಕಾರ್ಯಕ್ರಮವಿದೆ. ವಯನಾಡಿನಲ್ಲಿಯೂ ಮನೋವೈದ್ಯರ ತಂಡವು ಗೊತ್ತುಪಡಿಸಿದ ದಿನಗಳಲ್ಲಿ ಊರಿನ ಆರೋಗ್ಯ ಕೇಂದ್ರಕ್ಕೆ ಬರುತ್ತದೆ. ಔಷಧಿ ಅಲ್ಲಿಯೇ ಉಚಿತವಾಗಿ ದೊರೆಯುತ್ತದೆ.

ವೈದ್ಯರು ಬರುವುದು ಕೆಲಸದ ಅರ್ಧ ಮಾತ್ರ. ಚಿತ್ತವಿಕಲತೆಯಿಂದ ಬಳಲುವ ಮನುಷ್ಯನು ತಾನಾಗಿ ಸರದಿಯಲ್ಲಿ ಬಂದು ನಿಲ್ಲುವುದು ಅಪರೂಪ. ಅವನು ಒಳಕೋಣೆಯಲ್ಲಿರುತ್ತಾನೆ, ಇಲ್ಲವೇ ತೋಟದಂಚಿನಲ್ಲಿ ಅಲೆಯುತ್ತಿರುತ್ತಾನೆ. ಅವನಿರುವುದು ಯಾವ ಮನೆಯಲ್ಲಿ, ಆ ಮನೆಯಲ್ಲಿ ಮಾತಾಡಬೇಕಾದುದು ತಾಯಿಯೊಡನೆಯೋ ಅತ್ತಿಗೆಯೊಡನೆಯೋ, ಕಳೆದ ತಿಂಗಳು ಕೊಟ್ಟ ಮಾತ್ರೆ ಹೊಟ್ಟೆಗೆ ಹೋಗಿದೆಯೋ ಡಬ್ಬಿಯಲ್ಲಿಯೇ ಉಳಿದಿದೆಯೋ ಎಂಬುದನ್ನು ಬಲ್ಲವಳು ಆಶಾ ಕಾರ್ಯಕರ್ತೆ. ಅವಳೊಡನೆ ಪಂಚಾಯತಿನ ಪಾಲಿಯೇಟಿವ್ ದಾದಿಯೂ ಇದ್ದಾಳೆ. ಕಲ್ಲಿಕೋಟೆಯಲ್ಲಿ 1993ರಲ್ಲಿ ಅರ್ಬುದ ರೋಗಿಗಳ ನೋವು ಶಮನಕ್ಕೆಂದು ಮೊದಲಾದ ಸಾಂತ್ವನ ಆರೈಕೆಯ ಕೆಲಸವು ಊರಿನ ಸ್ವಯಂಸೇವಕರ ಹೆಗಲಿಗೇರಿ ಹಬ್ಬಿತು. 2008ರಲ್ಲಿ ಕೇರಳ ಸರಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಅದೇ ವರ್ಷ ಕಲ್ಲಿಕೋಟೆಯಲ್ಲಿ ಹುಟ್ಟಿದ ಮೆಂಟಲ್ ಹೆಲ್ತ್ ಆಕ್ಷನ್ ಟ್ರಸ್ಟ್ ಎಂಬ ಸಂಸ್ಥೆ ಇದೇ ಸ್ವಯಂಸೇವಕರ ಬಲದಿಂದ ಬಡ ಮನೋರೋಗಿಗಳಿಗೆ ಉಚಿತ ಚಿಕಿತ್ಸೆಯನ್ನು ಮುಟ್ಟಿಸತೊಡಗಿತು.

ಇಷ್ಟು ದೊಡ್ಡ ವ್ಯವಸ್ಥೆ ನಿಂತಿರುವುದು ಯಾರ ಮೇಲೆ ಎಂಬುದು 2025ರ ಫೆಬ್ರವರಿ 10ರಂದು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಕಾಣಿಸಿತು. ಆ ದಿನ ಧರಣಿ ಕುಳಿತ ಆಶಾ ಕಾರ್ಯಕರ್ತೆಯರಿಗೆ ಆಗ ಸಿಗುತ್ತಿದ್ದ ಗೌರವಧನ ತಿಂಗಳಿಗೆ 7000 ರೂಪಾಯಿ. ವೇತನವೆಂಬ ಶಬ್ದಕ್ಕೂ ಅವರು ಅರ್ಹರಲ್ಲ, ಗೌರವಧನವಂತೆ! ಗರ್ಭಿಣಿ, ಶಿಶು, ಕ್ಷಯ, ಡೆಂಗಿ ಜ್ವರ ಎಲ್ಲವನ್ನೂ ಹೊತ್ತ ಅದೇ ಹೆಗಲ ಮೇಲೆ ಮನೋರೋಗಿಯ ಹೊಣೆಯೂ ಇದೆ.

ವಯನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. 2011ರ ಜನಗಣತಿಯಂತೆ ಜಿಲ್ಲೆಯ ಎಂಟು ಲಕ್ಷಕ್ಕೆ ಮಿಕ್ಕಿದ ಜನರಲ್ಲಿ ಒಂದೂವರೆ ಲಕ್ಷ ಮಂದಿ ಆದಿವಾಸಿಗಳು. ಕೊಡಗಿನಲ್ಲಿ ಯರವರೆನಿಸುವ ಅಡಿಯರು, ಮೈಸೂರು ಕಡೆಯ ಜೇನುಕುರುಬರ ಬಂಧುಗಳಾದ ಕಾಟ್ಟುನಾಯ್ಕರು, ಪಣಿಯರು, ಹೀಗೆ ಒಬ್ಬೊಬ್ಬರ ನುಡಿಯೂ ಬೇರೆ. ಕಾಟ್ಟುನಾಯ್ಕರ ನುಡಿಯಂತೂ ಮಲಯಾಳಕ್ಕಿಂತ ಕನ್ನಡಕ್ಕೆ ಹತ್ತಿರ. ಜ್ವರವನ್ನು ಕೈಮುಟ್ಟಿ ತಿಳಿಯಬಹುದು, ಮುರಿದ ಎಲುಬನ್ನು ಎಕ್ಸ್‌ರೇ ತೋರಿಸುತ್ತದೆ. ಮನಸ್ಸಿನ ರೋಗವನ್ನು ತಿಳಿಯಲು ವೈದ್ಯನಿಗೆ ಇರುವ ಮುಖ್ಯ ಸಾಧನ ಮಾತು. ಕಿವಿಯಲ್ಲಿ ಯಾರೋ ಬೈಯುವ ಸದ್ದು ಕೇಳುತ್ತದೆ ಎಂಬುದನ್ನು ಪರಭಾಷೆಯಲ್ಲಿ ಹೇಳಲು ಬಾರದವನು ಸುಮ್ಮನಿರುತ್ತಾನೆ. ಆ ಮೌನವನ್ನು ಸಂಕೋಚವೆಂದೋ ಕುಡಿತದ ಫಲವೆಂದೋ ತಿಳಿಯುವ ಅಪಾಯವಿದೆ. ಕಾಸರಗೋಡಿನ ಕನ್ನಡ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶಾಲೆಯಲ್ಲಿ ಪರಭಾಷೆಯ ಅಧ್ಯಾಪಕರೆದುರು ಮಂಕಾಗಿ ಕುಳಿತು, ಮನೆಗೆ ಬಂದೊಡನೆ ಅರಳು ಹುರಿದಂತೆ ಮಾತಾಡುವ ಮಕ್ಕಳನ್ನು ಆ ಮನೆಗಳು ಕಂಡಿವೆ.

2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದು ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಮಡಿದರು. ಪರಿಹಾರ ಶಿಬಿರಗಳಿಗೆ ಆಪ್ತಸಲಹೆಗಾರರೂ ಮನೋವೈದ್ಯರೂ ಬಂದರು. ದುಃಖಿತರ ಜೊತೆಗೆ, ದುರಂತಕ್ಕೆ ಮುಂಚೆಯೇ ಮಾತ್ರೆ ನುಂಗುತ್ತಿದ್ದವರನ್ನೂ ಮದ್ಯ ಬಿಡಲು ಹೆಣಗುತ್ತಿದ್ದವರನ್ನೂ ನೋಡಿಕೊಳ್ಳಬೇಕಿತ್ತು. ಶಿಬಿರಗಳು ಮುಚ್ಚಿದ ಬಳಿಕ ಕುಟುಂಬಗಳು ಬಾಡಿಗೆ ಮನೆಗಳಿಗೆ, ಸರಕಾರಿ ಕ್ವಾರ್ಟರ್ಸುಗಳಿಗೆ, ಬೇರೆ ಬೇರೆ ಊರುಗಳಿಗೆ ಚದುರಿದವು. ನೆರೆಹೊರೆಯನ್ನೇ ನಂಬಿ ಕಟ್ಟಿದ ಸೇವೆಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೊಂದಿಲ್ಲ. ಎಸ್ಟೇಟಿನ ಪಾಡಿಗಳಲ್ಲಿ ಗೋಡೆಗೆ ಗೋಡೆ ಸೇರಿ ಬಾಳಿದವರಿಗೆ ಪಕ್ಕದ ಮನೆಯ ಮಗ ರಾತ್ರಿ ನಿದ್ರಿಸಿದನೋ ಇಲ್ಲವೋ ಎಂಬುದು ತಿಳಿಯುತ್ತಿತ್ತು. ಬಾಡಿಗೆ ಮನೆಯ ನೆರೆಯವರಿಗೆ ಅವನ ಹೆಸರೇ ಗೊತ್ತಿಲ್ಲ. ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ 2025ರ ಮಾರ್ಚ್ 27ರಂದು ಹೊಸ ಟೌನ್‌ಶಿಪ್ಪಿಗೆ ಶಿಲಾನ್ಯಾಸವಾಯಿತು. ಅಲ್ಲಿ ಯಾರ ಮನೆಯ ಪಕ್ಕದಲ್ಲಿ ಯಾರ ಮನೆ ಎಂಬ ಪ್ರಶ್ನೆ ಮನೆಯ ಚದರ ಅಡಿಗಿಂತ ಕಡಿಮೆಯದಲ್ಲ.

ಬೌದ್ಧಿಕ ನ್ಯೂನತೆಯುಳ್ಳವರ ವಿಷಯದಲ್ಲಿ ಕೇರಳದ ಸ್ಥಳೀಯಾಡಳಿತಗಳು ಬಡ್ಸ್ ಶಾಲೆಗಳನ್ನು ಕುಟುಂಬಶ್ರೀಯ ಸಹಕಾರದಿಂದ ನಡೆಸುತ್ತಿವೆ. 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಗಾನೂರಿನಲ್ಲಿ ಮೊದಲನೆಯದು ತೆರೆಯಿತು. ಹದಿನೆಂಟು ದಾಟಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರಗಳಿವೆ. ಬೆಳಗ್ಗೆ ವಾಹನ ಬಂದು ಕರೆದೊಯ್ದು ಸಂಜೆ ಮನೆಗೆ ಬಿಡುತ್ತದೆ ಎಂಬುದು ಕೇಳಲು ಸಣ್ಣ ಸಂಗತಿ. ಅಷ್ಟು ಹೊತ್ತಿನಲ್ಲಿ ತಾಯಿ ತೋಟದ ಕೆಲಸಕ್ಕೆ ಹೋಗಿ ಬರಬಹುದು. ಕೇಂದ್ರವಿಲ್ಲದ ಕಡೆ ಅವಳು ಇಡೀ ದಿನ ಮನೆಯಲ್ಲಿಯೇ. ಅಂಥ ಆರೈಕೆದಾರರಿಗೆ ಸಾಮಾಜಿಕ ಸುರಕ್ಷಾ ಮಿಷನ್ನಿನ ಆಶ್ವಾಸಕಿರಣ ಯೋಜನೆಯಲ್ಲಿ ಗೊತ್ತುಮಾಡಿದ ಮೊತ್ತ ತಿಂಗಳಿಗೆ 600 ರೂಪಾಯಿ. ದಿನಕ್ಕೆ ಇಪ್ಪತ್ತು.

ಕಾಸರಗೋಡಿನವರಿಗೆ ಈ ಮಾತು ಹತ್ತಿರದ್ದು. ತೋಟಗಾರಿಕಾ ನಿಗಮದ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಪ್ರತಿಯೊಬ್ಬ ಸಂತ್ರಸ್ತನಿಗೂ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಆ ಕಾಲದ ಛಾಯಾಚಿತ್ರಗಳಲ್ಲಿ ಕಂಡ ಮಕ್ಕಳು ಈಗ ಮಕ್ಕಳಲ್ಲ, ಅವರಿಗೆ ಇಪ್ಪತ್ತೈದು ಮೂವತ್ತು ದಾಟಿದೆ. ಎತ್ತಿಕೊಳ್ಳುತ್ತಿದ್ದ ತಾಯಂದಿರ ಸೊಂಟ ಬಾಗಿದೆ. ಪರಿಹಾರದ ಮೊತ್ತ ಬ್ಯಾಂಕಿಗೆ ಬಂದರೂ, ನಾಳೆ ಆ ತಾಯಿ ಇಲ್ಲವಾದಾಗ ಮಗನನ್ನು ಮೀಯಿಸುವವರು ಯಾರು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಕಾನೂನು ಕೆಲವು ಬಾಗಿಲುಗಳನ್ನು ತೆರೆದಿಟ್ಟಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ಅಂಗವೈಕಲ್ಯ ಇವುಗಳಲ್ಲಿ ಯಾವುದಾದರೂ ಇರುವವರಿಗೆ ಹದಿನೆಂಟು ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಅಧಿಕಾರವು 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಸಮಿತಿಗಿದೆ. ಹೆತ್ತವರು ಬದುಕಿರುವಾಗಲೇ ಅಲ್ಲಿ ಅರ್ಜಿ ಸಲ್ಲಿಸುವುದು ಲೇಸು. ಮನೋರೋಗದ ಚಿಕಿತ್ಸೆ ಪಡೆಯುವವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸಮಾಜದ ನಡುವೆಯೇ ಬಾಳುವ ಹಕ್ಕನ್ನು ನೀಡಿದೆ. ರೋಗದ ಸ್ವರೂಪವನ್ನೂ ಚಿಕಿತ್ಸೆಯ ಯೋಜನೆಯನ್ನೂ ರೋಗಿಗೆ ತಿಳಿಯುವ ಭಾಷೆಯಲ್ಲಿ ತಿಳಿಸಬೇಕೆಂದು ಅದರ 22ನೆಯ ಕಲಮು ಹೇಳುತ್ತದೆ. ಕನ್ನಡದಲ್ಲಿ ವಿವರಿಸಿರೆಂದು ಆಸ್ಪತ್ರೆಯಲ್ಲಿ ಕೇಳುವುದು ಹಾಗಾಗಿ ಉಪಕಾರ ಬೇಡುವುದಲ್ಲ. ರಾತ್ರಿ ಹಗಲೆನ್ನದೆ ಉಚಿತವಾಗಿ ಮಾತಾಡಲು 14416 ಎಂಬ ಟೆಲಿ ಮಾನಸ್ ದೂರವಾಣಿಯೂ ಇದೆ. ಅದೇ ಕಾಯಿದೆಯ 14ನೆಯ ಕಲಮಿನಂತೆ, ತನಗೆ ಕಾಯಿಲೆ ಹೆಚ್ಚಾದಾಗ ತನ್ನ ಪರವಾಗಿ ಮಾತಾಡುವವರು ಯಾರೆಂಬುದನ್ನು ವಯಸ್ಕನಾದ ಯಾವ ವ್ಯಕ್ತಿಯೂ ಮುಂಚಿತವಾಗಿ ಸೂಚಿಸಬಹುದು. ಒಪ್ಪಿಕೊಂಡವರ ಲಿಖಿತ ಸಮ್ಮತಿ ಬೇಕು, ಮನಸ್ಸು ಬದಲಾದರೆ ಹೆಸರನ್ನೂ ಬದಲಿಸಬಹುದು. ಇದಕ್ಕೆ ಛಾಪಾ ಕಾಗದ ಬೇಕಾಗಿಲ್ಲ. ಬಿಳಿಯ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಸಾಕು, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೂ ಸಾಕು.