ಮುರಿದ ಗಾಡಿಯ ನಷ್ಟ ಯಾರ ತಲೆಗೆ?



ಹಳೆಯ ಮೋಟಾರ್ ಸೈಕಲು ಕೊಳ್ಳುವವರು ಯಾರು? ಗಲ್ಲಾದ ಮುಂದೆ ಕುಳಿತ ಧಣಿಗಳಲ್ಲ. ಹೋಟೆಲಿನ ಬಾಗಿಲು ಹಾಕಿದ ಮೇಲೆ, ಕೊನೆಯ ಲೋಕಲ್ ತಪ್ಪಿದರೂ ಮನೆ ಸೇರಲೇಬೇಕಾದ ನಾವು. ಪಾರ್ಸೆಲ್ ಹೊತ್ತು ಬೀದಿ ಬೀದಿ ಅಲೆಯುವ ನಮ್ಮ ತಮ್ಮಂದಿರು. ಪಗಾರದಲ್ಲಿ ಉಳಿಸಿದ ಹಣ ಕೊಟ್ಟು ತಂದ ಗಾಡಿ, ಹಿಂದೊಮ್ಮೆ ವಿಮಾ ಕಂಪೆನಿಯ ಲೆಕ್ಕದಲ್ಲಿ ‘ಟೋಟಲ್ ಲಾಸ್’, ಅಂದರೆ ಪೂರ್ಣ ನಷ್ಟ ಎನಿಸಿಕೊಂಡದ್ದಾಗಿರಬಹುದು. ಅದು ಕಂಪೆನಿಗೆ ಗೊತ್ತು, ಹರಾಜಿನಲ್ಲಿ ಹಿಡಿದವನಿಗೆ ಗೊತ್ತು. ಹಣ ತೆರುವ ನಮಗೆ ಮಾತ್ರ ಗೊತ್ತಿಲ್ಲ. ಇದೆಂಥ ನ್ಯಾಯ?

ಲೆಕ್ಕ ನೋಡಿರಿ. ವಿಮೆಗಾಗಿ ಗಾಡಿಗೆ ಕಟ್ಟುವ ಬೆಲೆಗೆ ಐ.ಡಿ.ವಿ. ಎನ್ನುತ್ತಾರೆ. ನಾಲ್ಕು ವರ್ಷ ದಾಟಿ ಐದರೊಳಗಿರುವ ಗಾಡಿಗೆ, ತಯಾರಕರ ಪಟ್ಟಿಯ ಬೆಲೆಯಲ್ಲಿ ಶೇಕಡಾ 50 ಕಳೆಯುತ್ತಾರೆ. ಪಟ್ಟಿಯ ಬೆಲೆ 80,000 ರೂಪಾಯಿ ಎಂದಿಟ್ಟುಕೊಳ್ಳಿ, ಐ.ಡಿ.ವಿ. 40,000. ದುರಸ್ತಿಯ ಖರ್ಚು ಇದರ ಶೇಕಡಾ 75ನ್ನು, ಅಂದರೆ 30,000ವನ್ನು ದಾಟಿತೋ, ಗಾಡಿ ಪೂರ್ಣ ನಷ್ಟ. ಮುರುಕು ಗಾಡಿ ಅಗ್ಗಕ್ಕೆ ಹರಾಜಾಗುತ್ತದೆ. ಅದಕ್ಕೆ ಒಂದಿಷ್ಟು ಬೆಸುಗೆ, ಒಂದು ಕೈ ಬಣ್ಣ. ಆಮೇಲೆ ಒಳ್ಳೆಯ ಗಾಡಿಯ ಬೆಲೆಗೆ ನಮ್ಮ ಮುಂದೆ ಬಂದು ನಿಲ್ಲುತ್ತದೆ.

ಆರ್.ಸಿ.ಯಲ್ಲಿ ಮಾಲಿಕನ ಹೆಸರುಂಟು, ಇಂಜಿನ್ ನಂಬರುಂಟು, ಸಾಲ ಕೊಟ್ಟವನ ಹೆಸರೂ ಉಂಟು. ಅಪಘಾತಕ್ಕೆ ಒಂದು ಸಾಲೂ ಇಲ್ಲ. ನಾಶವಾದ ಅಥವಾ ಶಾಶ್ವತವಾಗಿ ಉಪಯೋಗಕ್ಕೆ ಬಾರದ ಗಾಡಿಯ ವಿಷಯವನ್ನು ಮಾಲಿಕನು 14 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಆದರೆ ‘ದುರಸ್ತಿಯಾಗುತ್ತದೆ’ ಎಂಬ ಒಂದೇ ಮಾತಿನಿಂದ ಗಾಡಿ ಈ ಕಲಮಿನಿಂದ ನುಣುಚಿಕೊಳ್ಳುತ್ತದೆ.

“ಗುರುತು ಹಾಕಿದರೆ ಬೆಲೆ ಬೀಳುತ್ತದೆ, ಮಾರುವ ಬಡವನಿಗೇ ನಷ್ಟ” ಎಂದು ವಾದಿಸುವವರಿದ್ದಾರೆ. ಸ್ವಾಮಿ, ಬೆಲೆ ಬಿದ್ದದ್ದು ಗಾಡಿ ಬಿದ್ದ ದಿನವೇ! ಹರಾಜಿನಲ್ಲಿ ಕೊಂಡವನು ಬಿದ್ದ ಬೆಲೆಗೇ ಕೊಂಡ. ಮುಚ್ಚಿಟ್ಟರೆ ನಷ್ಟ ಮಾಯವಾಗುವುದಿಲ್ಲ. ಅವನ ಹೆಗಲಿನಿಂದ ನಮ್ಮ ಹೆಗಲಿಗೆ ಬರುತ್ತದೆ. ನಾಳೆ ನಾವು ಮಾರಲು ಹೋದಾಗ, ಬಲ್ಲ ಮೆಕ್ಯಾನಿಕನು ಬಾಗಿದ ಚಾಸಿಸನ್ನು ತೋರಿಸಿ ಬೆಲೆ ಇಳಿಸುತ್ತಾನೆ. ಹಳಸಿದ ಸಾಂಬಾರಿಗೆ ಹೊಸ ಒಗ್ಗರಣೆ ಹಾಕಿ ಬಡಿಸಿದರೆ ಗಿರಾಕಿ ಸುಮ್ಮನಿರುತ್ತಾನೆಯೇ?

ಪೂರ್ಣ ನಷ್ಟದ ಗಾಡಿಗಳೆಲ್ಲ ಕೆಟ್ಟವೆಂದಲ್ಲ. ಹಳೆಯ ಗಾಡಿಯ ಟ್ಯಾಂಕು, ಫೋರ್ಕು, ದೀಪ ಒಡೆದರೂ ಖರ್ಚು 75ರ ಗೆರೆ ದಾಟಬಹುದು. ಚಾಸಿಸು ನೆಟ್ಟಗೇ ಇರಬಹುದು. ಆದುದರಿಂದಲೇ ಸರಿಯಾದ ಗುರುತು ಬೇಕು. ಬ್ರಿಟನ್ನಿನಲ್ಲಿ 2017ರ ಅಕ್ಟೋಬರದಿಂದ ನಾಲ್ಕು ವರ್ಗಗಳಿವೆ. ‘ಎ’ ಮತ್ತು ‘ಬಿ’ ಮರಳಿ ರಸ್ತೆಗೆ ಬರಕೂಡದು. ‘ಎಸ್’ ಎಂದರೆ ಚೌಕಟ್ಟಿಗೇ ಪೆಟ್ಟು. ‘ಎನ್’ ಎಂದರೆ ಚೌಕಟ್ಟಿಗೆ ಪೆಟ್ಟಿಲ್ಲ. ‘ಎಸ್’ ವರ್ಗವು ಗಾಡಿಯ ಪುಸ್ತಕದಲ್ಲಿ ದಾಖಲಾಗುತ್ತದೆ. ಕೊಳ್ಳುವವನು ತಿಳಿದು ಬೆಲೆ ಕಟ್ಟುತ್ತಾನೆ. ಅಲ್ಲಿ ಸಾಧ್ಯವಾದುದು ಇಲ್ಲಿ ಏಕೆ ಅಸಾಧ್ಯ?

ನಮ್ಮ ಬೇಡಿಕೆ ಇಷ್ಟೆ: ಪೂರ್ಣ ನಷ್ಟವೆಂದು ಹಣ ಕೊಟ್ಟ ಪ್ರತಿ ಗಾಡಿಯ ವಿಷಯವನ್ನು, ಪೆಟ್ಟು ಎಲ್ಲಿಗೆ ಎಂಬ ವಿವರದೊಂದಿಗೆ, ವಿಮಾ ಕಂಪೆನಿಯೇ ನೋಂದಣಿ ಕಚೇರಿಗೆ ತಿಳಿಸಲಿ, ಅದು ಆರ್.ಸಿ.ಯಲ್ಲಿ ಅಚ್ಚಾಗಲಿ.

ಅಲ್ಲಿಯವರೆಗೆ ಎಚ್ಚರದಿಂದಿರಿ. ಹಳೆಯ ಪಾಲಿಸಿ ಕೇಳಿರಿ. ಪೂರ್ತಿ ವಿಮೆಯಿದ್ದ ಗಾಡಿಗೆ ಕ್ಲೇಮಿಲ್ಲದ ವರ್ಷಗಳಲ್ಲಿ ಬೋನಸ್ಸು ಶೇಕಡಾ 20ರಿಂದ 50ರವರೆಗೆ ಏರುತ್ತದೆ, ಕ್ಲೇಮಾದರೆ ಸೊನ್ನೆಗಿಳಿಯುತ್ತದೆ. ಹಲವು ವರ್ಷದ ಗಾಡಿಗೆ ಸೊನ್ನೆ ಕಂಡರೆ ಕಾರಣ ಕೇಳಿರಿ. ಉತ್ತರ ಬಾರದಿದ್ದರೆ ಹಣ ಜೇಬಿನಲ್ಲೇ ಇರಲಿ. ಅದು ನಮ್ಮ ಬೆವರಿನ ಹಣ.