ಅಲ್ಲಿ ಮೆಚ್ಚಿದ ಸೈಕಲ್, ಇಲ್ಲಿ ಅವಮಾನವೇಕೆ?

ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ವಿದೇಶಕ್ಕೆ ಹೋಗಿ ಬರುವುದು ನಮ್ಮ ಧರ್ಮಕೇಂದ್ರಗಳ ಹಿರಿಯರಿಗೆ ಈಗ ಹೊಸ ಸಂಗತಿಯಲ್ಲ. ಒಂದು ಕಾಲಕ್ಕೆ ಮುಂಬಯಿಯಿಂದ ಬಂದವರ ಮಾತಿಗೆ ಕಿವಿಗೊಡುತ್ತಿದ್ದ ಕುಂದಾಪುರ, ಬೈಂದೂರು, ಬ್ರಹ್ಮಾವರಗಳು ಆಮೇಲೆ ಕೊಲ್ಲಿ ರಾಷ್ಟ್ರಗಳ ಸುದ್ದಿ ಕೇಳಿದವು. ಈಗ ಆಮ್‌ಸ್ಟರ್‌ಡಾಮ್, ಯುಟ್ರೆಕ್ಟ್, ಐಂಡ್‌ಹೋವನ್‌ಗಳ ವರ್ಣನೆ ಕೇಳುತ್ತಿವೆ. ಮೂರು ತಿಂಗಳು ನೆದರ್ಲ್ಯಾಂಡಿನಲ್ಲಿ ಮೊಮ್ಮಕ್ಕಳೊಡನೆ ಇದ್ದು ಮರಳಿದ ಅಜ್ಜ-ಅಜ್ಜಿಯರು ಮೊದಲು ಹೇಳುವುದು ಸೈಕಲಿನ ಕಥೆಯನ್ನೇ. ಪ್ರಧಾನಿಯಾಗಿದ್ದಾಗ ಮಾರ್ಕ್ ರುಟ್ಟೆ ಸೈಕಲ್ ತುಳಿದು ಕಚೇರಿಗೆ ಹೋಗುತ್ತಿದ್ದರಂತೆ, ಮುದುಕಿಯರೂ ಸೈಕಲಿನಲ್ಲೇ ಪೇಟೆಗೆ ಬರುತ್ತಾರಂತೆ, ಏಳೆಂಟು ವರ್ಷದ ಮಕ್ಕಳು ತಮ್ಮಷ್ಟಕ್ಕೆ ಶಾಲೆಗೆ ಹೋಗುತ್ತಾರಂತೆ!

ಎಲ್ಲವೂ ನಿಜ. ನಾನೂ ಹೋಗಿ ಕಂಡು ಬಂದವಳೇ. ಮುಂದೆ ಮರದ ಪೆಟ್ಟಿಗೆ ಜೋಡಿಸಿದ ಸೈಕಲಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಗಳು ಜಡಿಮಳೆಯಲ್ಲೇ ಶಾಲೆಗೆ ಹೊರಡುತ್ತಿದ್ದಳು. ಯುಟ್ರೆಕ್ಟ್ ರೈಲು ನಿಲ್ದಾಣದ ಬಳಿ ನೆಲದಡಿಯಲ್ಲಿ 12,500 ಸೈಕಲ್ ನಿಲ್ಲಿಸುವ ಮೂರಂತಸ್ತಿನ ಸ್ಥಳವಿದೆ, 2019ರಲ್ಲಿ ಪೂರ್ಣಗೊಂಡದ್ದು. ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳದ ಭಾರತೀಯ ಅಜ್ಜ-ಅಜ್ಜಿಯರು ವಿರಳವಿರಬೇಕು.

ನನ್ನ ತಕರಾರು ಇರುವುದು ಈ ವರ್ಣನೆಯ ಕೊನೆಗೆ ತಪ್ಪದೆ ಬರುವ ಒಂದು ವಾಕ್ಯದ ಬಗ್ಗೆ: "ಅದು ಅವರ ದೇಶ, ನಮ್ಮಲ್ಲಿ ಅದೆಲ್ಲ ಆಗುವ ಮಾತಲ್ಲ." ಇದನ್ನು ಹೇಳಿ ನಿಟ್ಟುಸಿರು ಬಿಟ್ಟು, ನಾಲ್ಕು ಫರ್ಲಾಂಗು ದೂರದ ಚರ್ಚಿಗೆ ನಾವು ಕಾರು ಹತ್ತುತ್ತೇವೆ. ಈ ವಾಕ್ಯ ಸುಳ್ಳು. ಸುಳ್ಳು ಮಾತ್ರವಲ್ಲ, ನಮ್ಮ ಮಕ್ಕಳ ಪಾಲಿಗೆ ಅಪಾಯಕಾರಿ.

ಡಚ್ಚರು ಹುಟ್ಟುತ್ತಲೇ ಸೈಕಲ್ ಪಥಗಳನ್ನು ಪಡೆದು ಬಂದವರಲ್ಲ. ಎರಡನೆಯ ಮಹಾಯುದ್ಧದ ನಂತರ ಅವರ ಕೈಗೂ ಹಣ ಬಂತು, ಕಾರು ಬಂತು. ನಮ್ಮಂತೆಯೇ ಅವರೂ ಹಳೆಯ ಕೇರಿಗಳನ್ನು ಕೆಡವಿ ರಸ್ತೆ ಅಗಲಿಸಿದರು. ಯುಟ್ರೆಕ್ಟಿನಲ್ಲಂತೂ ನಗರವನ್ನು ಬಳಸಿದ್ದ ಪುರಾತನ ಕಾಲುವೆಯ ಒಂದು ಭಾಗವನ್ನೇ 1970ರ ದಶಕದಲ್ಲಿ ಮುಚ್ಚಿ ಕಾರುಗಳಿಗೆ ಹೆದ್ದಾರಿ ಮಾಡಿದರು. (ಆ ಕಾಲುವೆಯನ್ನು ಮತ್ತೆ ಅಗೆದು 2020ರಲ್ಲಿ ನೀರು ಹರಿಸಿದ್ದಾರೆ. ನಾವು ಚಿತ್ರ ತೆಗೆದುಕೊಳ್ಳುವ ಆ ಸುಂದರ ದಂಡೆ ಐದಾರು ವರ್ಷಗಳ ಹಿಂದಿನದು.) ಪರಿಣಾಮವೇನಾಯಿತು? 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು 3,000ಕ್ಕೂ ಹೆಚ್ಚು ಮಂದಿ. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು.

ರಸ್ತೆ ಅಪಘಾತದಲ್ಲಿ ಮಗಳನ್ನು ಕಳೆದುಕೊಂಡಿದ್ದ ವಿಕ್ ಲಾಂಗನ್‌ಹಾಫ್ ಎಂಬ ಪತ್ರಕರ್ತ 1972ರಲ್ಲಿ 'ದೆ ತೈದ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಅದು ಕ್ಯಾಥೋಲಿಕ್ ದಿನಪತ್ರಿಕೆಯಾಗಿ ಬೆಳೆದು ಬಂದ ಪತ್ರಿಕೆ ಎಂಬುದನ್ನು ಗಮನಿಸಬೇಕು. ಲೇಖನದ ಶೀರ್ಷಿಕೆ 'ಮಕ್ಕಳ ಕೊಲೆ ನಿಲ್ಲಿಸಿ' ಎಂದಿತ್ತು. ಮೂಲದಲ್ಲಿ ಅವನು ಬಳಸಿದ 'ಕಿಂಡರ್‌ಮೋರ್ಡ್' ಎಂಬ ಪದ, ಹೆರೋದನು ಬೆತ್ಲೆಹೇಮಿನ ಹಸುಳೆಗಳನ್ನು ಕೊಲ್ಲಿಸಿದ ಘಟನೆಗೆ ಡಚ್ ಭಾಷೆಯಲ್ಲಿರುವ ಪದವೇ ಹೌದು. ಅದೇ ಹೆಸರಿನ ಚಳವಳಿ ಹುಟ್ಟಿತು. ಮಾರ್ಟ್ಯೆ ವಾನ್ ಪುಟನ್ ಎಂಬ ಯುವತಿ ಅದರ ಮೊದಲ ಅಧ್ಯಕ್ಷೆ. ತಾಯಂದಿರು ಮಕ್ಕಳನ್ನು ಕರೆದುಕೊಂಡು ಬೀದಿಗಿಳಿದರು, ರಸ್ತೆ ತಡೆದರು. 1973ರ ನವೆಂಬರಿನಲ್ಲಿ ತೈಲದ ಬಿಕ್ಕಟ್ಟು ಬಂದು ಸರಕಾರ ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿದಾಗ, ಕಾರಿಲ್ಲದ ಊರು ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು. ಮುಂದೆ ರಸ್ತೆಯಿಂದ ಬೇರ್ಪಟ್ಟ ಪಥಗಳು ಬಂದವು, ವಸತಿ ಬೀದಿಗಳಲ್ಲಿ ವೇಗಕ್ಕೆ ಕಡಿವಾಣ ಬಿತ್ತು, ಸೈಕಲಿಗೆ ಕಾರು ಬಡಿದರೆ ನಷ್ಟಪರಿಹಾರದ ಹೊಣೆ ಸಾಮಾನ್ಯವಾಗಿ ಕಾರಿನವನ ಮೇಲೆಯೇ ಎಂಬ ಕಾನೂನೂ ಬಂತು. ಈಗ ಅಲ್ಲಿ ವರ್ಷಕ್ಕೆ ರಸ್ತೆಯಲ್ಲಿ ಸಾಯುವವರು 700ರ ಆಸುಪಾಸು. ಸ್ವರ್ಗವೇನೂ ಅಲ್ಲ, ಆದರೆ ಕೇಳಿ ಪಡೆದದ್ದು.

ಹಾಗಾದರೆ "ಅದು ಅವರ ದೇಶ" ಎಂಬುದರ ಅರ್ಥವೇನು? ಅವರು ತಮ್ಮ ಮಕ್ಕಳಿಗಾಗಿ ಬೀದಿಗಿಳಿದರು, ನಾವು ಇಳಿಯಲಿಲ್ಲ, ಅಷ್ಟೇ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಈ ಲೆಕ್ಕದಲ್ಲಿ ನಮ್ಮೂರಿನ ಪಾಲು ಯಾವುದೆಂದು ತಿಳಿಯಲು ಯಾರೂ ದೂರ ಹೋಗಬೇಕಾಗಿಲ್ಲ. ಧರ್ಮಕೇಂದ್ರದ ಸ್ಮಶಾನದಲ್ಲಿ ಒಂದು ಸುತ್ತು ನಡೆದರೆ ಸಾಕು.

ರಾಷ್ಟ್ರೀಯ ಹೆದ್ದಾರಿ 66 ಬೈಂದೂರಿನಿಂದ ಬ್ರಹ್ಮಾವರದವರೆಗೆ ನಮ್ಮ ಊರುಗಳನ್ನು ಕರಗಸದಂತೆ ಸೀಳಿದೆ. ಹಳೆಯ ಹದಿನೇಳನೇ ನಂಬರಿನ ಹೆದ್ದಾರಿಯನ್ನು ಸೈಕಲಿನವನು ಹೇಗೋ ದಾಟುತ್ತಿದ್ದ. ನಾಲ್ಕು ಪಥವಾದ ಮೇಲೆ ಹಾಗಿಲ್ಲ. ಹೆಮ್ಮಾಡಿಯೋ ತೆಕ್ಕಟ್ಟೆಯೋ ಸಾಲಿಗ್ರಾಮವೋ, ಮನೆ ರಸ್ತೆಯ ಮೂಡಕ್ಕೆ, ಶಾಲೆ ಪಡುವಕ್ಕೆ ಇದ್ದರೆ ಮಗು ವಿಭಜಕದ ತೆರವು ಹುಡುಕಿಕೊಂಡು ದೂರ ಹೋಗಿ ತಿರುಗಿ ಬರಬೇಕು. ಇಲ್ಲವೇ ಎದುರುಬದಿಯಿಂದ ನುಗ್ಗಿ ಬರುವ ಲಾರಿಗಳ ಮುಖಕ್ಕೆ ಮುಖ ಕೊಟ್ಟು ತಪ್ಪು ದಿಕ್ಕಿನಲ್ಲಿ ಸಾಗಬೇಕು. ಸರ್ವಿಸ್ ರಸ್ತೆ ಇರುವಲ್ಲಿ ಅದರ ಮೇಲೆ ಕಾರುಗಳು ನಿಂತಿರುತ್ತವೆ. ಕುಂದಾಪುರದ ಶಾಸ್ತ್ರಿ ವೃತ್ತದ ಮೇಲ್ಸೇತುವೆಗಾಗಿ 2021ರ ತನಕ ವರ್ಷಗಟ್ಟಲೆ ಗೊಣಗಿದೆವು. ಸಾಸ್ತಾನದ ಟೋಲ್‌ನಲ್ಲಿ ಸ್ಥಳೀಯ ವಾಹನಗಳಿಗೆ ವಿನಾಯಿತಿ ಬೇಕೆಂದು ಪ್ರತಿಭಟಿಸಿದೆವು. ಅದು ನ್ಯಾಯವೇ. ಸರ್ವಿಸ್ ರಸ್ತೆ ಬೇಕೆಂಬ ಕೂಗೂ ಎದ್ದಿತು. ಆದರೆ ಶಾಲೆಯ ಮಕ್ಕಳಿಗೆ ಸೈಕಲ್ ಪಥ ಬೇಕು ಎಂಬ ಮಾತನ್ನು ಆ ಯಾವ ಸಭೆಯಲ್ಲೂ ನಾನು ಕೇಳಿದವಳಲ್ಲ. ಟೋಲಿನ ದುಡ್ಡು ನಮ್ಮ ಜೇಬಿನದು, ಅದಕ್ಕೆ ನೋವಾಯಿತು.

ಹೆದ್ದಾರಿಗಿಂತಲೂ ಎತ್ತರದ ಅಡ್ಡಗೋಡೆ ನಮ್ಮ ಮನಸ್ಸಿನಲ್ಲಿದೆ. ಒಂದು ತಲೆಮಾರಿನ ಹಿಂದೆ ಅಂಚೆಯವನು, ಮೀನು ಮಾರುವವನು, ಮೇಷ್ಟರು, ಹಂಚಿನ ಕಾರ್ಖಾನೆಯ ಕೆಲಸಗಾರ ಎಲ್ಲರೂ ಸೈಕಲಿನವರೇ. ಗಂಟೆಯ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿ ಪ್ರತಿ ಪೇಟೆಯಲ್ಲೂ ಇತ್ತು. ವಿದೇಶದ ಹಣ ಬಂದ ಮೇಲೆ ಸೈಕಲ್ ಬಡತನದ ಗುರುತಾಯಿತು. 2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ತುಳಿದು ಹೈಸ್ಕೂಲಿಗೆ ಬಂದ ದೃಶ್ಯ ಈ ನಾಡಿನ ಭಾಗ್ಯವಾಗಿತ್ತು. ಆದರೂ ಅದಕ್ಕೆ 'ಸರಕಾರಿ ಶಾಲೆಯ ಸೈಕಲ್' ಎಂಬ ಹಣೆಪಟ್ಟಿ ಅಂಟಿಸಿದೆವು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಾಗ ಯಾರೂ ಮರುಗಲಿಲ್ಲ. ಯುಟ್ರೆಕ್ಟಿನ ಮೊಮ್ಮಗಳು ಸೈಕಲ್ ತುಳಿದರೆ ಅದು ನಾಗರಿಕತೆ, ಊರಲ್ಲಿರುವ ಮೊಮ್ಮಗ ತುಳಿಯಲು ಹೊರಟರೆ "ಜನ ಎಂತ ಹೇಳ್ತಾರೆ?" ಎಂಬ ಪ್ರಶ್ನೆ!

ಸೈಕಲ್ ಕೊಡಿಸದ ಅದೇ ಮನೆ ಪಿಯುಸಿಗೆ ಕಾಲಿಟ್ಟ ಹುಡುಗನಿಗೆ ಸ್ಕೂಟರಿನ ಕೀಲಿ ಕೊಡುತ್ತದೆ. ಅವನಿಗಿನ್ನೂ ಹದಿನಾರು. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕ ಅಪರಾಧ ಮಾಡಿದರೆ ಪಾಲಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಒಂದು ವರ್ಷ ವಾಹನದ ನೋಂದಣಿ ರದ್ದು ಎಂದಿದೆ. ಇದು ತಿಳಿಯದವರೆಷ್ಟು, ತಿಳಿದೂ ಕೀಲಿ ಕೊಡುವವರೆಷ್ಟು?

ಮಳೆ, ಸೆಖೆ, ಏರುದಾರಿಯ ನೆಪಗಳು ನನಗೆ ಗೊತ್ತು. ಕೊಲ್ಲೂರು, ಶಂಕರನಾರಾಯಣ, ಸಿದ್ದಾಪುರದ ಕಡೆಯ ಏರುಗಳಲ್ಲಿ ಸೈಕಲ್ ಕಷ್ಟವೇ. ಜುಲೈ ತಿಂಗಳ ನಮ್ಮ ಮಳೆಗೆ ಯುಟ್ರೆಕ್ಟಿನ ಮಳೆ ಸಾಟಿಯೂ ಅಲ್ಲ. ಆದರೆ ಕೋಟೇಶ್ವರದಿಂದ ಕೋಟದವರೆಗಿನ ಕರಾವಳಿಯ ಪಟ್ಟಿ ಹಾಲೆಂಡಿನಷ್ಟೇ ಸಪಾಟು, ಬಹಳ ಮಕ್ಕಳ ಶಾಲೆ ಮೂರು ಕಿಲೋಮೀಟರಿನೊಳಗೆ, ಸೆಪ್ಟೆಂಬರಿನಿಂದ ಮಾರ್ಚಿನವರೆಗೆ ಮಳೆಯ ಕಾಟ ಕಡಿಮೆ. ಮೂಡ್ಲಕಟ್ಟೆಯ ಕುಂದಾಪುರ ರೈಲು ನಿಲ್ದಾಣ ಪೇಟೆಯಿಂದ ಸೈಕಲಿಗೆ ಹೇಳಿ ಮಾಡಿಸಿದ ದೂರದಲ್ಲಿದೆ.

ಪೋಪ್ ಫ್ರಾನ್ಸಿಸರ 2015ರ 'ಲೌದಾತೊ ಸಿ' ವಿಶ್ವಪತ್ರ ಒಬ್ಬಿಬ್ಬರನ್ನು ಹೊತ್ತು ಓಡುವ ಕಾರುಗಳಿಂದ ನಗರಗಳು ಪಡುವ ಪಾಡನ್ನು ನೇರವಾಗಿ ಹೇಳುತ್ತದೆ. ಅದರ ಬಗ್ಗೆ ವಿಚಾರಗೋಷ್ಠಿ ನಡೆಸಿದೆವು, ಅಂಗಳದಲ್ಲಿ ಸಸಿ ನೆಟ್ಟೆವು. ಗೋಷ್ಠಿಗೆ ಬಂದದ್ದು ಮಾತ್ರ ಒಂದೊಂದು ಕಾರಿನಲ್ಲಿ ಒಬ್ಬೊಬ್ಬರು.

ಯುಟ್ರೆಕ್ಟನ್ನು ಮೆಚ್ಚಿ ಬಂದ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಗ್ರಾಮಸಭೆಗೆ ಹೋಗಿ, ನಿಮ್ಮ ಶಾಲೆಯೆದುರು ಹೆದ್ದಾರಿ ದಾಟಲು ಕೆಳಸೇತುವೆ ಮತ್ತು ಸರ್ವಿಸ್ ರಸ್ತೆಯಂಚಿನಲ್ಲಿ ಸೈಕಲಿಗೆ ಮೀಸಲು ಪಟ್ಟಿ ಬೇಕೆಂದು ಲಿಖಿತವಾಗಿ ಕೇಳಿ, ನಿರ್ಣಯ ದಾಖಲಾಗುವವರೆಗೆ ಏಳಬೇಡಿ. ಮೂರು ತಿಂಗಳ ಬಳಿಕ ಮತ್ತೆ ಹೋಗಿ ಏನಾಯಿತೆಂದು ವಿಚಾರಿಸಿ. ಪಾಲನಾ ಮಂಡಳಿಯ ಸಭೆಯಲ್ಲಿ ಚರ್ಚಿನ ಬಾಗಿಲಿಗೆ ಅತಿ ಹತ್ತಿರದ ನೆರಳಿನ ಜಾಗವನ್ನು ಸೈಕಲಿಗೆಂದು ಬಿಡಿಸಿ; ಈಗ ಅಲ್ಲಿ ನಿಲ್ಲುವುದು ಯಾರ ಕಾರೆಂದು ನಿಮಗೂ ಗೊತ್ತು, ನನಗೂ ಗೊತ್ತು.