ನೀರು ನಿಲ್ತಿದೆಯಾ?

ಮೊದಲ ಬಸಿರಿನ ಎಂಟನೇ ವಾರ. ಬೇಲಾಪುರದಿಂದ ಕುರ್ಲಾಕ್ಕೆ ಲೇಡೀಸ್ ಡಬ್ಬಿಯಲ್ಲಿ ನಿಂತೇ ಹೋಗುತ್ತಿದ್ದೆ. ವಾಶಿ ಖಾಡಿಯ ಸೇತುವೆ ಬರುವಷ್ಟರಲ್ಲಿ ಹೊಟ್ಟೆ ತೊಳಸುತ್ತಿತ್ತು. ಬ್ಯಾಗಿನಲ್ಲಿ ಪ್ಲಾಸ್ಟಿಕ್ ಚೀಲ ಸದಾ ಇರುತ್ತಿತ್ತು.

"ಖಾಲಿ ಹೊಟ್ಟೇಲಿ ಏಳಬೇಡ ಕಣೇ, ಹಾಸಿಗೇಲೇ ಒಂದು ಹಿಡಿ ಅರಳು ತಿನ್ನು" ಎಂದು ಊರಿಂದ ಅಮ್ಮ ಫೋನ್ ಮಾಡಿದಳು. ಅರಳಿನ ಬದಲು ಮಂಡಕ್ಕಿ ತಿಂದೆ. ಶುಂಠಿ ಚೂರು, ಗಂಟೆಗೊಮ್ಮೆ ಎರಡೇ ತುತ್ತು. ಒಗ್ಗರಣೆ ವಾಸನೆ ಆಗದ್ದರಿಂದ ಅಡುಗೆಮನೆ ಗಂಡನ ಪಾಲಾಯಿತು. ಸ್ವಲ್ಪ ಹಿಡಿತಕ್ಕೆ ಬಂತು.

ಹತ್ತನೇ ವಾರ ಕುಡಿದ ನೀರೂ ನಿಲ್ಲದಾಯಿತು. "ಎಲ್ಲರಿಗೂ ಆಗೋದೇ, ತಡ್ಕೋ" ಎಂಬ ಮಾತು ನಂಬಿ ಎರಡು ದಿನ ಮಲಗಿದೆ. ಮೂತ್ರ ಕಡು ಹಳದಿ, ಎದ್ದರೆ ತಲೆಸುತ್ತು. ಕೊನೆಗೆ ಪಕ್ಕದ ಮನೆಯ ಮಾವಶಿ ರಿಕ್ಷಾ ಹತ್ತಿಸಿದರು. ಡಾಕ್ಟರು ಡ್ರಿಪ್ ಹಾಕಿ, ಡಾಕ್ಸಿಲಮೀನ್ ಮತ್ತು ಬಿ6 ಇರುವ ಮಾತ್ರೆ ಬರೆದುಕೊಟ್ಟು, "ನಿನ್ನೆಯೇ ಬರಬೇಕಿತ್ತು" ಎಂದರು.

ಹೆಚ್ಚಿನವರಿಗೆ ಈ ಸಂಕಟ 16ರಿಂದ 20ನೇ ವಾರದೊಳಗೆ ಇಳಿಯುತ್ತದೆ. ಆದರೆ 24 ಗಂಟೆ ನೀರೇ ನಿಲ್ಲದಿದ್ದರೆ, ತೂಕ ಇಳಿದರೆ ಅದು ಹೈಪರ್‌ಎಮೆಸಿಸ್ ಇರಬಹುದು, ಚಿಕಿತ್ಸೆ ಬೇಕು. ನಿಮ್ಮ ಬಿಲ್ಡಿಂಗಿನಲ್ಲಿ ಬಸುರಿಯಿದ್ದರೆ "ತಡ್ಕೋ" ಎನ್ನುವ ಮೊದಲು "ನೀರು ನಿಲ್ತಿದೆಯಾ?" ಎಂದು ಕೇಳಿ.